ಹೇಳಿದ್ದು, ಮಾತಾಡಿದ್ದಲ್ಲ

ಪತ್ರ ಬಂದದ್ದು ಶುಕ್ರವಾರ, ಊಟದ ಬಿಡುವಿನಲ್ಲಿ. ಡೊರಿಕಾ ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಅರ್ಧ ತಿಂದ ಗೆಣಸನ್ನು ಪಕ್ಕಕ್ಕಿಟ್ಟು, ಅದನ್ನು ಮೂರು ಸಲ ಓದಿದಳು. ಮೂರನೆಯ ಸಲ ಓದುವಷ್ಟರಲ್ಲಿ ಕಾಗದದ ಅಂಚನ್ನು ಮುದುರಿಬಿಟ್ಟಿದ್ದಳು. ಹೆದರಿಕೆಗಲ್ಲ, ಸಿಟ್ಟಿಗೆ. ಇಂಗ್ಲಿಷಿನಲ್ಲಿದ್ದ ಆ ಪತ್ರದಲ್ಲಿ ಎಲ್ಲವೂ ಅವಳಿಗೆ ತಿಳಿಯಲಿಲ್ಲ. ಆದರೆ ತಿಳಿಯಬೇಕಾದ್ದು ತಿಳಿಯಿತು. ಯಂತ್ರ ಕೆಟ್ಟಿದ್ದು ಆಡಳಿತಕ್ಕೆ ಗೊತ್ತೇ ಇರಲಿಲ್ಲವಂತೆ. ಯಾರೂ ತಿಳಿಸಿರಲಿಲ್ಲವಂತೆ. ಇಸ್ತ್ರಿ ವಿಭಾಗದ ಮುಖ್ಯಸ್ಥೆ ಡೊರಿಕಾಳ ಬೇಜವಾಬ್ದಾರಿಯಿಂದಲೇ ಜೆನಿತಾಳ ಕೈ ಹೋಯಿತಂತೆ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದಂತೆ.

ಮದಾಂಗ್ ಬಂದರಿನ ಹತ್ತಿರದ ಆ ಲಾಂಡ್ರಿಗೆ ಡೊರಿಕಾ ಸೇರಿದಾಗ ಅವಳಿಗೆ ಇಪ್ಪತ್ತೆಂಟು. ಈಗ ನಲವತ್ತೇಳು. ಹುಟ್ಟಿದ್ದು ಎದುರಿನ ಕರ್ಕಾರ್ ದ್ವೀಪದಲ್ಲಿ, ಕೊಬ್ಬರಿ ಒಣಗಿಸುವ ಮನೆಯಲ್ಲಿ. ಆರನೇ ತರಗತಿಯ ಪರೀಕ್ಷೆಯಲ್ಲಿ ಇಂಗ್ಲಿಷ್ ಕೈಕೊಟ್ಟಿತು, ಓದು ಅಲ್ಲಿಗೇ ನಿಂತಿತು. ಬಿಲ್ಬಿಲ್ ಹಳ್ಳಿಯ ದೋಣಿಗಾರನನ್ನು ಮದುವೆಯಾಗಿ ಈಚೆ ದಡಕ್ಕೆ ಬಂದಳು. ಒಂಬತ್ತು ವರ್ಷಕ್ಕೆ ಗಂಡ ಮಲೇರಿಯಾದಲ್ಲಿ ಹೋದ. ಇಬ್ಬರು ಹೆಣ್ಣುಮಕ್ಕಳನ್ನು ಹಾಸುಬಟ್ಟೆ ಮಡಚುತ್ತಲೇ ಸಾಕಿ, ಇಬ್ಬರನ್ನೂ ಮದುವೆ ಮಾಡಿ ಕಳಿಸಿದಳು. ಹಡಗಿನವರದು, ಹೋಟೆಲಿನವರದು, ಆಸ್ಪತ್ರೆಯವರದು ಅಂತ ದಿನವೂ ಗುಡ್ಡೆಗುಡ್ಡೆ ಬಿಳಿ ಬಟ್ಟೆ ಅವಳ ಕೈಮೇಲೆ ಹೋಗುತ್ತಿತ್ತು. ಬಾಯಿ ಜೋರು. ಕೆಲಸ ಅದಕ್ಕಿಂತ ಜೋರು. ಹೊಸ ಹುಡುಗಿಯರು ಮೊದಲ ವಾರ ಅವಳನ್ನು ಬೈದುಕೊಳ್ಳುತ್ತಿದ್ದರು, ಎರಡನೆಯ ವಾರ ‘ಆಂಟಿ’ ಎನ್ನುತ್ತಿದ್ದರು.

ಜೆನಿತಾ ಹಾಗೆ ‘ಆಂಟಿ’ ಎಂದವರಲ್ಲಿ ಒಬ್ಬಳು. ಇಪ್ಪತ್ತೊಂದು ವರ್ಷ, ಒಳನಾಡಿನ ಅಮೆಲೆ ಕಡೆಯವಳು.

ಇಸ್ತ್ರಿ ರೋಲರ್ ಅಂದರೆ ಕಾದ ಉಕ್ಕಿನ ಎರಡು ಉರುಳೆ. ಒದ್ದೆ ಹಾಸುಬಟ್ಟೆಯ ಅಂಚು ಕೊಟ್ಟರೆ ಒಳಗೆ ಎಳೆದುಕೊಂಡು ಆಚೆ ಗರಿಗರಿಯಾಗಿ ಬಿಡುತ್ತದೆ. ಬಾಯಿಗೆ ಅಡ್ಡವಾಗಿ ಒಂದು ತಡೆಕಂಬಿ ಇರುತ್ತದೆ. ಬೆರಳು ಅದಕ್ಕೆ ತಾಗಿದರೆ ಯಂತ್ರ ನಿಲ್ಲಬೇಕು. ಆ ಸೋಮವಾರ ಬೆಳಿಗ್ಗೆ ಡೊರಿಕಾ ದಿನದಂತೆ ಕಂಬಿ ಒತ್ತಿ ನೋಡಿದಳು. ಯಂತ್ರ ನಿಲ್ಲಲಿಲ್ಲ. ನೇರ ಸೂಪರ್‌ವೈಸರ್ ಕೌಪಾನ ಕೋಣೆಗೆ ಹೋದಳು.

"ಬಾಸ್, ಎರಡನೇ ರೋಲರ್ ಕಂಬಿ ಹೋಗಿದೆ. ಒತ್ತಿದ್ರೆ ನಿಲ್ತಿಲ್ಲ."

ಕೌಪಾ ತಲೆಯೆತ್ತಲಿಲ್ಲ. "ಗುರುವಾರ ಹಡಗಿನ ಬಟ್ಟೆ ಹೋಗ್ಬೇಕು. ಅದು ಹೋಗ್ಲಿ, ಆಮೇಲೆ ಮೆಕ್ಯಾನಿಕ್ಕನ್ನ ಕರೆಸ್ತೀನಿ."

"ಅಲ್ಲೀವರೆಗೆ ಯಾರದಾದ್ರೂ ಕೈ ಹೋದ್ರೆ?"

"ನೀನಿದ್ದೀಯಲ್ಲ ನೋಡ್ಕೊಳ್ಳೋಕೆ. ಹೋಗು, ಹೋಗು."

ಮಂಗಳವಾರ ಮತ್ತೆ ಹೋದಳು, ಮತ್ತೆ ಅದೇ ಉತ್ತರ. ಹುಡುಗಿಯರಿಗೆಲ್ಲ ಎಚ್ಚರ ಹೇಳಿ, ಎರಡನೇ ರೋಲರ್ ಮುಂದೆ ತಾನೇ ನಿಂತಳು. ಬುಧವಾರ ಮಧ್ಯಾಹ್ನ ಆಸ್ಪತ್ರೆಯ ಬಟ್ಟೆಗಾಡಿ ಬಂದಾಗ ಸಹಿ ಹಾಕಲು ಅವಳನ್ನು ಕರೆದರು. ಐದು ನಿಮಿಷ. ಆ ಐದು ನಿಮಿಷದಲ್ಲಿ ಕೆಲಸ ನಿಲ್ಲಬಾರದೆಂದು ಕೌಪಾ ಜೆನಿತಾಳನ್ನು ಅಲ್ಲಿ ನಿಲ್ಲಿಸಿದ. ಕೂಗು ಕೇಳಿ ಡೊರಿಕಾ ಓಡಿಬರುವಷ್ಟರಲ್ಲಿ ಹುಡುಗಿಯ ಎಡಗೈ ಮಣಿಕಟ್ಟಿನವರೆಗೆ ಒಳಗಿತ್ತು. ಮುಖ್ಯ ಸ್ವಿಚ್ಚನ್ನು ಎಳೆದವಳು ಡೊರಿಕಾಳೇ. ಉರುಳೆಯನ್ನು ಹಿಂದಕ್ಕೆ ತಿರುಗಿಸಿದವಳೂ ಅವಳೇ. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

ಮಾರನೆಯ ದಿನ ಕಚೇರಿಯ ಗುಮಾಸ್ತ ಸೈಲಾಸ್ ಅವಳ ಹೇಳಿಕೆ ತೆಗೆದುಕೊಂಡ. ಪಟ್ಟಣದ ಎಲ್ಲರಂತೆ ಅವಳೂ ಟೋಕ್ ಪಿಸಿನ್ ಭಾಷೆಯಲ್ಲೇ ನಡೆದದ್ದನ್ನೆಲ್ಲ ಬಿಡಿಸಿಟ್ಟಳು. ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿದ. "ಇಲ್ಲಿ ಸಹಿ ಹಾಕಿ ಆಂಟಿ" ಎಂದ. ಡೊರಿಕಾಳ ಕಣ್ಣ ಮುಂದೆ ಜೆನಿತಾಳ ಕೈ ಇನ್ನೂ ಕಾಣುತ್ತಿತ್ತು. ಓದದೆ ಸಹಿ ಹಾಕಿದಳು.

ಪತ್ರ ಬಂದ ಮರುದಿನ ಡೊರಿಕಾ ಸಂತೆಗೆ ಹೋದಳು. ಜೆನಿತಾಳ ತಾಯಿ ಬಿಯಾ ಅಲ್ಲಿ ನೆಲದ ಮೇಲೆ ಅಡಿಕೆ, ಸುಣ್ಣ ಹರಡಿಕೊಂಡು ಕೂತಿದ್ದಳು. ಡೊರಿಕಾಳನ್ನು ಕಂಡದ್ದೇ ಎದ್ದು ನಿಂತಳು.

"ಗೊತ್ತಿದ್ದೂ ಹೇಳ್ಲಿಲ್ವಂತೆ ನೀನು! ಕಂಪನಿಯವರು ಕಾಗದ ತೋರಿಸಿದ್ರು. ನಿನ್ನದೇ ಸಹಿ ಇದೆ. ಸ್ವಂತ ಮಗಳಾಗಿದ್ರೆ ಬಾಯಿ ಮುಚ್ಕೊಂಡಿರ್ತಿದ್ಯಾ?"

"ಬಿಯಾ, ನಾನು ಹೇಳಿದ್ದೆ. ಎರಡು ಸಲ ಹೇಳಿದ್ದೆ."

ಬಿಯಾ ಬಾಯಲ್ಲಿದ್ದ ಅಡಿಕೆಯ ಕೆಂಪನ್ನು ಅವಳ ಕಾಲಬುಡಕ್ಕೆ ಉಗಿದಳು. ಸುತ್ತಲಿದ್ದವರು ಮಾತು ನಿಲ್ಲಿಸಿ ನೋಡಿದರು. ಡೊರಿಕಾ ಏನೂ ಕೊಳ್ಳದೆ ಮನೆಗೆ ಬಂದಳು. ಊರಲ್ಲಿ ಅವಳನ್ನು ಬಾಯಿಬಡುಕಿ ಎಂದವರಿದ್ದರು, ಜಗಳಗಂಟಿ ಎಂದವರಿದ್ದರು. ಸುಳ್ಳುಗಾರ್ತಿ ಎಂದವರು ಇದುವರೆಗೆ ಇರಲಿಲ್ಲ.

ಆ ಹೇಳಿಕೆಯಲ್ಲಿ ಏನಿದೆ ಎಂದು ನೋಡಲೇಬೇಕಿತ್ತು. ಅದನ್ನು ಸರಿಯಾಗಿ ಓದಿ ಹೇಳಬಲ್ಲವಳು ಹತ್ತಿರದಲ್ಲಿ ಒಬ್ಬಳೇ: ಗಂಡನ ತಂಗಿ ಎಲ್ದಾ, ಬಿಲ್ಬಿಲ್ ಶಾಲೆಯ ಟೀಚರು. ಅವಳ ಮನೆಯ ಮೆಟ್ಟಿಲು ಹತ್ತಿ ಡೊರಿಕಾಗೆ ನಾಲ್ಕು ವರ್ಷವಾಗಿತ್ತು. ಚರ್ಚಿನ ಹೆಂಗಸರ ಸಭೆಯಲ್ಲಿ ಡೊರಿಕಾ ಒಮ್ಮೆ ಇಂಗ್ಲಿಷಿನಲ್ಲಿ ಎರಡು ಮಾತು ಓದಲು ಹೋಗಿ ‘ಐ ಸೇ ಯೂ’ ಎಂದಿದ್ದಳು. ಎಲ್ದಾ ಎಲ್ಲರ ಮುಂದೆ "ಟೆಲ್ ಅನ್ನಿ ಅತ್ತಿಗೆ, ಟೆಲ್!" ಎಂದು ತಿದ್ದಿದ್ದಳು. ಸಭೆ ನಕ್ಕಿತ್ತು. ಅಂದಿನಿಂದ ಇಬ್ಬರ ನಡುವೆ ಎದುರಾದಾಗ ತಲೆಯಾಡಿಸುವಷ್ಟೇ ಬಳಕೆ.

ಕಂಪನಿಯಿಂದ ಹೇಳಿಕೆಯ ಪ್ರತಿಯನ್ನು ಜಗಳವಾಡಿ ಇಸಕೊಂಡು, ಡೊರಿಕಾ ಆ ಮೆಟ್ಟಿಲು ಹತ್ತಿದಳು.

"ನಗಬೇಡ. ಓದು" ಎಂದು ಕಾಗದ ಚಾಚಿದಳು.

ಎಲ್ದಾ ಓದಿದಳು. ನಗಲಿಲ್ಲ. "ಅತ್ತಿಗೆ, ಇಲ್ಲಿ ‘ಸೋಮವಾರ ಸೂಪರ್‌ವೈಸರ್ ಜೊತೆ ಮಾತಾಡಿದೆ’ ಅಂತಿದೆ. ‘ಟಾಕ್ಡ್ ಟು’. ಮಂಗಳವಾರಾನೂ ಅದೇ. ಕಂಬಿ ಕೆಟ್ಟಿದೆ ಅಂತ ಹೇಳಿದೆ ಅನ್ನೋದು ಎಲ್ಲೂ ಇಲ್ಲ."

"ಮಾತಾಡಿದೆ, ಹೇಳಿದೆ. ಎರಡೂ ಒಂದೇ ಬಾಯಿಂದ ತಾನೇ ಬರೋದು?"

"ಬಾಯಿ ಒಂದೇ. ಆದ್ರೆ ಟಾಕ್ ಅಂದ್ರೆ ಇಬ್ರು ನಿಂತ್ಕೊಂಡು ಮಾತಾಡಿದ್ರು ಅಂತ ಅಷ್ಟೇ. ಮೀನಿನ ಬಗ್ಗೆನೂ ಆಗ್ಬಹುದು, ಪಾದ್ರಿ ಹೆಂಡ್ತಿ ಬಗ್ಗೆನೂ ಆಗ್ಬಹುದು. ಟೆಲ್ ಅಂದ್ರೆ ಹಾಗಲ್ಲ. ನಿಮಗೆ ಗೊತ್ತಿದ್ದದ್ದು ಅವನಿಗೆ ದಾಟ್ತು. ಆಮೇಲೆ ಅವನು ನಂಗೊತ್ತಿಲ್ಲ ಅನ್ನೋ ಹಾಗಿಲ್ಲ. ಈ ಒಂದು ಶಬ್ದ ಹಿಡ್ಕೊಂಡೇ ಅವರು ತಪ್ಪಿಸ್ಕೊಂಡಿರೋದು. ಇಂಗ್ಲಿಷ್ ಸರಿಯಾಗಿ ಬರ್ದೇ ಇದ್ರೆ ಹೀಗೇ ಆಗೋದು ಅತ್ತಿಗೆ."

ಡೊರಿಕಾ ಎದ್ದು ನಿಂತಳು. "ಏ ಟೀಚರಮ್ಮ! ನಾನೆಲ್ಲಿ ಇಂಗ್ಲಿಷ್ ಮಾತಾಡಿದೆ? ನಮ್ಮ ಮಾತಲ್ಲೇ ಹೇಳಿದ್ದು. ‘ಮಿ ಟೋಕಿಮ್ ಬಾಸ್’ ಅಂದೆ."

ಎಲ್ದಾ ಕಾಗದದಿಂದ ತಲೆಯೆತ್ತಿದಳು. "ಟೋಕಿಮ್ ಅಂದ್ರಾ? ಟೋಕ್‌ಟೋಕ್ ಅಲ್ವಾ?"

"ಟೋಕ್‌ಟೋಕ್ ಯಾಕಂತೀನಿ? ಅವನ ಜೊತೆ ಹರಟೆ ಹೊಡೆಯೋಕೆ ಹೋಗಿದ್ನಾ? ಟೋಕಿಮ್. ಅವನಿಗೆ ಹೇಳಿದೆ."

"ಸೈಲಾಸನಿಗೆ ಟೋಕಿಮ್ ಅನ್ನೋದು ಕಿವಿಗೆ ಟಾಕ್ ಅನ್ನೋ ಹಾಗೆ ಬಿದ್ದಿದೆ" ಎಂದಳು ಎಲ್ದಾ ನಿಧಾನವಾಗಿ. "ಹಾಗೇ ಬರ್ಕೊಂಡಿದ್ದಾನೆ. ನಮ್ಮ ಮಾತಲ್ಲಿ ಟೋಕಿಮ್ ಬೇರೆ, ಟೋಕ್‌ಟೋಕ್ ಬೇರೆ. ನೀವು ಸರಿಯಾಗೇ ಹೇಳಿದೀರ ಅತ್ತಿಗೆ. ತಪ್ಪು ನಿಮ್ಮದಲ್ಲ."

ಪತ್ರ ಬಂದಾಗಿನಿಂದ ಡೊರಿಕಾಳ ಸಿಟ್ಟಿನ ಕೆಳಗೆ ಒಂದು ನಾಚಿಕೆ ಕೂತಿತ್ತು. ಓದದೆ ಸಹಿ ಹಾಕಿದ, ಆರನೇ ತರಗತಿ ದಾಟದ ದಡ್ಡಿ ತಾನು ಎಂಬ ನಾಚಿಕೆ. ಆ ಮಾತು ಕೇಳಿದ ಗಳಿಗೆ ಅದು ಹೋಯಿತು. ಉಳಿದದ್ದು ಸಿಟ್ಟು ಮಾತ್ರ, ಕಲಬೆರಕೆಯಿಲ್ಲದ್ದು. ಗೋಡೆಗೆ ಒರಗಿಸಿದ್ದ ಪೊರಕೆಯನ್ನು ಎತ್ತಿ ಅಂಗಳಕ್ಕೆ ಎಸೆದಳು. ಮರದಲ್ಲಿ ತಲೆಕೆಳಗಾಗಿ ಮಲಗಿದ್ದ ಬಾವಲಿಗಳು ಕಿರುಚಿಕೊಂಡು ಎದ್ದವು.

"ಸೇ, ಟೆಲ್, ಟಾಕ್, ಸ್ಪೀಕ್, ಆ ನಾಲ್ಕು ಶಬ್ದಾನೂ ನನಗೆ ಕಲಿಸು. ವಿಚಾರಣೆಗೆ ಇನ್ನು ಒಂಬತ್ತು ದಿನ ಇದೆ. ನನ್ನ ಮಾತನ್ನ ಇನ್ನೊಬ್ಬ ತಿರುಚೋದು ಬೇಡ. ನಾನೇ ಹೇಳ್ತೀನಿ."

ದಿನವೂ ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ, ಐದನೇ ತರಗತಿಯ ಗಿಡ್ಡ ಬೆಂಚಿನ ಮೇಲೆ ಡೊರಿಕಾ ಕೂರುತ್ತಿದ್ದಳು. ಸುಲಭವೇನೂ ಆಗಲಿಲ್ಲ.

"ಐ ಸೆಡ್ ಹಿಮ್" ಎನ್ನುವಳು.

"ಅಲ್ಲ. ಸೇ ಅಂದ್ರೆ ನಮ್ಮ ಬರೀ ಟೋಕ್. ಅಂದ, ಅಂದಳು ಅನ್ನೋದು. ಅದರ ಬೆನ್ನಿಗೆ ಆಡಿದ ಮಾತು ಬರ್ಬೇಕು. ಕೇಳಿಸ್ಕೊಂಡೋನು ಬರ್ಬೇಕಾದ್ರೆ ನಡುವೆ ‘ಟು’ ಹಾಕ್ಬೇಕು."

"ಐ ಟೋಲ್ಡ್ ಟು ಹಿಮ್."

"ಟೆಲ್‌ಗೆ ‘ಟು’ ಬೇಡ!"

"ಅದಕ್ಕೆ ಬೇಕು, ಇದಕ್ಕೆ ಬೇಡ! ಇಂಗ್ಲಿಷಿನೋರಿಗೆ ಬೇರೆ ಕೆಲಸ ಇರ್ಲಿಲ್ವಾ?" ಡೊರಿಕಾ ಸೀಮೆಸುಣ್ಣವನ್ನು ಮುರಿದು ಹಾಕುವಳು. ಎಲ್ದಾ ಇನ್ನೊಂದು ತುಂಡು ಕೈಗಿಡುವಳು. "ಸರಿ, ಸ್ಪೀಕ್ ಯಾವಾಗ?"

"ಅದು ಸ್ವಲ್ಪ ಗತ್ತಿಂದು. ಸಭೇಲಿ ಎದ್ದು ನಿಂತು ಆಡೋದು. ಇಂಥ ಭಾಷೆ ಬರುತ್ತೆ ಅನ್ನೋಕೂ ಅದೇ."

"ಸುಳ್ಳಿಗೆ?"

"ಟೆಲ್. ನಿಜಕ್ಕೂ ಟೆಲ್, ಸುಳ್ಳಿಗೂ ಟೆಲ್."

ಡೊರಿಕಾ ಆ ಶಬ್ದವನ್ನು ಹಲಗೆಯ ಮೇಲೆ ಬರೆದಳು. "ಹೌದು. ಸುಳ್ಳಿಗೂ ಕೇಳೋರು ಒಬ್ರು ಬೇಕಲ್ಲ."

ನಾಲ್ಕನೆಯ ದಿನ ಎಲ್ದಾ ತಾನಾಗಿಯೇ, ಕಪ್ಪುಹಲಗೆ ಒರೆಸುತ್ತ, ಮುಖ ತಿರುಗಿಸದೆ ಅಂದಳು: "ಅವತ್ತು ಸಭೇಲಿ ನಾನು ಹಾಗೆ ಮಾಡ್ಬಾರ್ದಿತ್ತು."

"ಮಾಡ್ಬಾರ್ದಿತ್ತು" ಎಂದಳು ಡೊರಿಕಾ. ಕ್ಷಮಿಸಿದೆ ಎನ್ನಲಿಲ್ಲ. ಆದರೆ ಅಂದು ಹೊರಡುವಾಗ ಬಿಲುಮ್ ಚೀಲದಿಂದ ಎರಡು ಎಳನೀರು ತೆಗೆದು ಮೇಜಿನ ಮೇಲಿಟ್ಟು ಹೋದಳು.

ವಿಚಾರಣೆ ನಡೆದದ್ದು ಕಾರ್ಮಿಕ ಕಚೇರಿಯ, ಫ್ಯಾನು ಕಿರುಗುಟ್ಟುವ ಒಂದು ಸಣ್ಣ ಕೋಣೆಯಲ್ಲಿ. ವಿಚಾರಣಾಧಿಕಾರಿ ಶ್ರೀಮತಿ ರೆನಾಗಿ ದಕ್ಷಿಣ ಕರಾವಳಿಯ ಮೋಟು ಎಂಬ ಜನಾಂಗದವರು. ಟೋಕ್ ಪಿಸಿನ್ ಅವರ ಮನೆಮಾತಲ್ಲ, ದೊಡ್ಡವರಾದ ಮೇಲೆ ಕಲಿತದ್ದು. ಒಂದು ಕಡೆ ಕಂಪನಿಯ ವಕೀಲ, ಕೌಪಾ, ಸೈಲಾಸ್. ಇನ್ನೊಂದು ಕಡೆ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಜೆನಿತಾ, ಅವಳ ತಾಯಿ ಬಿಯಾ. ಡೊರಿಕಾಳ ಪಕ್ಕದಲ್ಲಿ ಎಲ್ದಾ ಕೂತಿದ್ದಳು. ಬಿಯಾ ಡೊರಿಕಾಳ ಕಡೆ ನೋಡಲಿಲ್ಲ.

ವಕೀಲ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. "ಮಾತಾಡಿದರು, ಅಷ್ಟೇ. ಯಂತ್ರದ ದೋಷ ತಿಳಿಸಿದ್ದಾಗಿ ಈಕೆಯೇ ಎಲ್ಲೂ ಹೇಳಿಲ್ಲ" ಎಂದು ಮುಗಿಸಿದ.

"ನೀವು ಟೋಕ್ ಪಿಸಿನ್‌ನಲ್ಲೇ ಹೇಳಬಹುದು" ಎಂದರು ರೆನಾಗಿ.

"ಹೇಳ್ತೀನಮ್ಮ" ಎಂದಳು ಡೊರಿಕಾ. "ಆದ್ರೆ ಸೋಮವಾರ ಏನ್ ನಡೀತು ಅನ್ನೋದನ್ನ ಇಂಗ್ಲಿಷಲ್ಲೇ ಹೇಳ್ತೀನಿ. ನಡುವೆ ಯಾರೂ ಕೈ ಹಾಕೋ ಹಾಗಿರ್ಬಾರ್ದು." ಎದ್ದು ನಿಂತಳು. ಒಂದೊಂದೇ ಶಬ್ದವನ್ನು ನೆಲಕ್ಕೆ ಊರಿದಂತೆ ಅಂದಳು: "ಐ ಟೋಲ್ಡ್ ಹಿಮ್. ಕಂಬಿ ಕೆಟ್ಟಿದೆ ಅಂತ ಐ ಟೋಲ್ಡ್ ಹಿಮ್. ಹೀ ಸೆಡ್: ಗುರುವಾರ, ಹಡಗಿನ ಬಟ್ಟೆ ಹೋದ ಮೇಲೆ."

ನಡುವೆ ಕಂಬಿಗೆ ಇಂಗ್ಲಿಷ್ ಶಬ್ದ ತೋಚದೆ ತನ್ನ ಮಾತಿಗೇ ಇಳಿದಿದ್ದಳು. ಅದು ಅವಳಿಗೆ ಗೊತ್ತೇ ಆಗಲಿಲ್ಲ.

ವಕೀಲ ನಕ್ಕ. "ಹೇಳಿಕೆಯಲ್ಲಿ ‘ಮಾತಾಡಿದೆ’. ಈಗ ‘ಹೇಳಿದೆ’. ಈ ಹೊಸ ಶಬ್ದ ಯಾರು ಹೇಳಿಕೊಟ್ಟರು?"

"ನನ್ನ ನಾದಿನಿ."

"ಅಂದರೆ ಇದು ಹೇಳಿಕೊಟ್ಟ ಸಾಕ್ಷಿ."

"ಹೇಳಿಕೊಟ್ಟಿದ್ದು ಇಂಗ್ಲಿಷು ಸ್ವಾಮಿ! ನಡೆದಿದ್ದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಅಲ್ಲಿದ್ದೆ. ಆ ಕೈಯನ್ನ ಒಳಗಿಂದ ಬಿಡಿಸಿದೋಳು ನಾನು. ನೀವಿದ್ರಾ ಅಲ್ಲಿ?"

"ಧ್ವನಿ ತಗ್ಗಿಸಿ" ಎಂದರು ರೆನಾಗಿ. ಆಮೇಲೆ ಸೈಲಾಸನ ಕಡೆ ತಿರುಗಿದರು. "ಈಕೆ ಆಡಿದ ಶಬ್ದ ಯಾವುದು? ಇಂಗ್ಲಿಷ್ ಬೇಡ. ಕಿವಿಗೆ ಬಿದ್ದದ್ದು ಹೇಳಿ."

"ಟೋಕಿಮ್, ಮೇಡಂ."

"ಅದಕ್ಕೆ ನೀವು ಟಾಕ್ ಅಂತ ಬರೆದಿರಿ."

"ಟೋಕ್ ಅಂದ್ರೆ ಟಾಕ್ ಅಲ್ವಾ ಮೇಡಂ... ನಾನು ಯಾವಾಗ್ಲೂ ಹಾಗೇ ಬರೆಯೋದು."

"ಚಿಕ್ಕವರಿದ್ದಾಗ ನಿಮ್ಮ ತಾಯಿ ‘ಟೋಕಿಮ್ ಪಾಪಾ, ಊಟಕ್ಕೆ ಬರ್ಲಿ’ ಅಂದ್ರೆ ಏನು ಮಾಡ್ತಿದ್ರಿ? ಹೋಗಿ ಅಪ್ಪನ ಜೊತೆ ಕೂತು ಮಾತಾಡ್ತಿದ್ರಾ?"

ಸೈಲಾಸನ ಮುಖ ಬೆವೆತಿತು. "ಇಲ್ಲ. ಹೋಗಿ ಅಪ್ಪಂಗೆ ಹೇಳ್ತಿದ್ದೆ."

"ಬರೆದುಕೊಳ್ಳಿ" ಎಂದರು ರೆನಾಗಿ ತಮ್ಮ ಗುಮಾಸ್ತನಿಗೆ. ಬಳಿಕ ಕೌಪಾನನ್ನು ಕೇಳಿದರು: "ಸೋಮವಾರ ಈಕೆ ನಿಮ್ಮ ಕೋಣೆಗೆ ಬಂದದ್ದು ನಿಜ. ಮಾತಾಡಿದ್ದೂ ನಿಜ. ಏನು ಮಾತಾಡಿದಿರಿ?"

"ನೆನಪಿಲ್ಲ ಮೇಡಂ. ಏನೋ ಹೀಗೇ. ಕಂಬಿ ಮಾತಂತೂ ಬರ್ಲಿಲ್ಲ."

"ಮಂಗಳವಾರ?"

"ಅದೂ ನೆನಪಿಲ್ಲ. ಕಂಬಿ ಮಾತು ಅವತ್ತೂ ಬರ್ಲಿಲ್ಲ."

"ಏನು ಮಾತಾಡಿದಿರಿ ಅನ್ನೋದು ಎರಡು ದಿನದ್ದೂ ನೆನಪಿಲ್ಲ. ಕಂಬಿ ಮಾತು ಬರಲಿಲ್ಲ ಅನ್ನೋದು ಮಾತ್ರ ಎರಡು ದಿನದ್ದೂ ನೆನಪಿದೆ?" ಅವರು ಬಟ್ಟೆ ಸಾಗಣೆಯ ಪುಸ್ತಕ ತರಿಸಿ ನೋಡಿದರು. ಹಡಗಿನ ಬಟ್ಟೆ ಗುರುವಾರ ಹೋಗಬೇಕೆಂದು ಇತ್ತು. ಅದರ ಪಕ್ಕದಲ್ಲೇ, ಅದೇ ಗುರುವಾರ ಮಧ್ಯಾಹ್ನಕ್ಕೆ ಮೆಕ್ಯಾನಿಕ್ ಬರಬೇಕೆಂದು ಪೆನ್ಸಿಲಿನಲ್ಲಿ ಗೀಚಿತ್ತು. ಬರಹ ಕೌಪಾನದೇ. ಬರೆದ ತಾರೀಖು ಸೋಮವಾರದ್ದು.

ಡೊರಿಕಾಗೆ ಗೆದ್ದೆನೆಂದು ಅನ್ನಿಸಲಿಲ್ಲ. ತಾನು ಹೇಳಿದ್ದನ್ನು ಕೌಪಾ ಕೇಳಿಸಿಕೊಂಡು, ಬರೆದುಕೊಂಡು, ಆಮೇಲೆ ಆ ಹುಡುಗಿಯನ್ನು ಅಲ್ಲಿ ನಿಲ್ಲಿಸಿದ ಎಂಬುದಷ್ಟೇ ಅವಳ ತಲೆಯಲ್ಲಿ ಕುದಿಯಿತು. ಎದುರಿನ ಮೇಜಿಗೆ ಎರಡೂ ಕೈಯೂರಿ ನಿಂತಿದ್ದವಳನ್ನು ಎಲ್ದಾ ಅಂಗಿಯ ತೋಳು ಹಿಡಿದು ಕೂರಿಸಬೇಕಾಯಿತು.

ರೆನಾಗಿ ಇನ್ನೊಂದು ಕೆಲಸ ಮಾಡಿದರು. ಸೈಲಾಸ್ ಬರೆದ ಹಳೆಯ ಹೇಳಿಕೆಗಳನ್ನೆಲ್ಲ ತರಿಸಿದರು. ಬಾಯ್ಲರ್ ಕೆಲಸದ ಮುದುಕ ಗಾಲೆಮ್‌ನ ಬೆನ್ನು ಸುಟ್ಟಾಗಿನದು, ಕಲೆ ತೆಗೆಯುವ ದ್ರಾವಣದಿಂದ ಕಣ್ಣು ಮಂಜಾದ ಹೆಂಗಸಿನದು, ಜಾರಿ ಬಿದ್ದು ಸೊಂಟ ಮುರಿದುಕೊಂಡವಳದು. ಮೂರರಲ್ಲೂ ಅದೇ ಸಾಲು: ಸೂಪರ್‌ವೈಸರ್ ಜೊತೆ ಮಾತಾಡಿದೆ. ಮೂರಕ್ಕೂ ಕಂಪನಿಯ ಉತ್ತರ ಅದೇ: ಯಾರೂ ತಿಳಿಸಿರಲಿಲ್ಲ. ಗುಮಾಸ್ತನದು ತಿಳಿಯದೆ ಮಾಡಿದ ತಪ್ಪು. ಅದರ ಲಾಭ ಪಡೆದವರಿಗೆ ಮಾತ್ರ ಎಲ್ಲ ತಿಳಿದಿತ್ತು.

ತಿಂಗಳ ಮೇಲೆ ತೀರ್ಪು ಬಂತು. ದೋಷವನ್ನು ಮೊದಲೇ ತಿಳಿಸಲಾಗಿತ್ತು, ಹೊಣೆ ಕಂಪನಿಯದು, ಜೆನಿತಾಗೆ ಪರಿಹಾರ ಕೊಡಬೇಕು, ಡೊರಿಕಾಳ ಮೇಲಿನ ಪತ್ರ ರದ್ದು. ಕೌಪಾನನ್ನು ಕೆಲಸದಿಂದ ತೆಗೆಯಲಿಲ್ಲ, ಬೇರೆ ಊರಿನ ಶಾಖೆಗೆ ಕಳಿಸಿದರು. ಹೊರಡುವ ಮುಂಚೆ ಒಂದು ದಿನ ಅವನು ಬಸ್ಸಿನ ನಿಲ್ದಾಣದಲ್ಲಿ ಡೊರಿಕಾಳ ಹತ್ತಿರ ಬಂದ.

"ನಿನ್ನ ಜೊತೆ ಸ್ವಲ್ಪ ಮಾತಾಡ್ಬೇಕಿತ್ತು."

"ಮಾತು ಬೇಡ. ಹೇಳೋದಿದ್ರೆ ಹೇಳು."

ಅವನು ನಿಂತ, ಕೆಮ್ಮಿದ, ಬಸ್ಸು ಬಂತು ಎಂದು ಹೊರಟುಹೋದ.

ಬಿಯಾ ಒಂದು ಭಾನುವಾರ ಕೆಸುವಿನ ಗೆಡ್ಡೆ, ತೆಂಗಿನಕಾಯಿ ಹೊತ್ತು, ಮಗಳನ್ನು ಕರೆದುಕೊಂಡು ಡೊರಿಕಾಳ ಮನೆಗೆ ಬಂದಳು. ಜೆನಿತಾ ಲಾಂಡ್ರಿಗೆ ಮತ್ತೆ ಕಾಲಿಡುವುದಿಲ್ಲ ಎಂದಳು. ಯಂತ್ರದ ಸದ್ದು ಕನಸಿನಲ್ಲೂ ಕೇಳಿಸುತ್ತದಂತೆ. ಊರಿಗೆ ಹೋಗಿ ಕೋಳಿ ಸಾಕುತ್ತಾಳಂತೆ. ಒಲೆಯ ಮೇಲೆ ಗೆಡ್ಡೆ ಬೇಯುತ್ತಿತ್ತು. ಮೂವರೂ ಅದನ್ನೇ ತಿಂದರು. "ಸಂತೇಲಿ ಎಲ್ಲರ ಮುಂದೆ ಉಗಿದೆ, ಈಗ ಮನೇಲಿ ಯಾರೂ ಇಲ್ಲದಾಗ ಬಂದೆ" ಎಂದಳು ಡೊರಿಕಾ. ಮುಂದಿನ ಶನಿವಾರ ಸಂತೆಯಲ್ಲಿ ಬಿಯಾ, ಎಲ್ಲರೂ ನೋಡುವಂತೆ ಎದ್ದು ಬಂದು ಡೊರಿಕಾಳ ಕೈ ಹಿಡಿದಳು.

ಹಳೆಯ ಮೂರು ಪ್ರಕರಣಗಳನ್ನು ತಾವಾಗಿ ತೆರೆಯುವಂತಿಲ್ಲ, ಅವರವರೇ ಅರ್ಜಿ ಕೊಡಬೇಕು ಎಂದು ಕಾರ್ಮಿಕ ಕಚೇರಿ ತಿಳಿಸಿತು. ಅದು ಕೇಳಿ ಡೊರಿಕಾಗೆ ಮತ್ತೆ ರೇಗಿತು. ರಜೆಯ ದಿನ ಎಲ್ದಾಳನ್ನು ಎಬ್ಬಿಸಿಕೊಂಡು ಮೊದಲ ಬಸ್ಸಿಗೆ ಗಾಲೆಮ್‌ನ ಹಳ್ಳಿಗೆ ಹೋದಳು. ಮುದುಕ ಅಂಗಳದಲ್ಲಿ ಮಗ್ಗುಲಾಗಿ ಮಲಗಿದ್ದ. ಬೆನ್ನಿನ ಚರ್ಮ ಈಗಲೂ ಬಿಗಿಯುತ್ತದೆ ಎಂದ.

"ಐದು ವರ್ಷ ಆಯ್ತಲ್ಲಮ್ಮ. ಈಗ ಯಾರು ಕೇಳ್ತಾರೆ?"

"ಕೇಳ್ತಾರೋ ಬಿಡ್ತಾರೋ. ಪೈಪು ಸೋರ್ತಿದೆ ಅಂತ ಅವತ್ತು ನೀನು ಬಾಸಿಗೆ ಏನಂದೆ? ನೀನಂದಿದ್ದನ್ನ ನೀನಂದ ಹಾಗೇ ಹೇಳು. ನಾವು ಬರ್ಕೋತೀವಿ, ಓದಿ ಹೇಳ್ತೀವಿ, ಆಮೇಲೆ ಸಹಿ."

ಮುದುಕ ಎದ್ದು ಕೂತ. ಮೊದಲು ಮೆಲ್ಲಗೆ ಶುರುಮಾಡಿದ. ಹೇಳುತ್ತ ಹೇಳುತ್ತ ಅವನ ಧ್ವನಿ ಏರಿತು. ಕೊನೆಗೆ ಬೈಗುಳವೂ ಬಂತು. "ಬೈದಿದ್ದನ್ನೂ ಬರೀಲಾ?" ಎಂದಳು ಎಲ್ದಾ. "ಬರಿ" ಎಂದಳು ಡೊರಿಕಾ.

ಗಾಲೆಮ್‌ನ ಅರ್ಜಿ ಮಂಜೂರಾಯಿತು. ಸೊಂಟ ಮುರಿದವಳದೂ ಆಯಿತು. ಕಣ್ಣು ಮಂಜಾದ ಹೆಂಗಸು ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದಳು. ಅವಳ ಪರವಾಗಿ ಹೇಳಲು ಯಾರೂ ಉಳಿದಿರಲಿಲ್ಲ. ಆ ಒಂದನ್ನು ನೆನೆದರೆ ಡೊರಿಕಾ ಇಂದಿಗೂ ಕೆಲಸದ ನಡುವೆ ಹಾಸುಬಟ್ಟೆಗಳನ್ನು ಸಿಟ್ಟಿನಿಂದ ಕೊಡವಿ ಕೊಡವಿ ಮಡಚುತ್ತಾಳೆ. ಆಗ ಹುಡುಗಿಯರು ಅವಳ ತಂಟೆಗೆ ಹೋಗುವುದಿಲ್ಲ.